ಎಡಗಡೆಯ ಸೀಟು

“ಹಾಲಿನ ಟ್ಯಾಂಕರು. ಬಿಳಿ ಕಾರು. ಇನ್ನೊಂದು ಬಿಳಿ ಕಾರು, ಹಿಂದಿನ ಸೀಟಲ್ಲಿ ನಾಯಿ. ಖಾಲಿ. ಹೋಗು.”

ನೆವಿಲ್ ಕ್ಲಚ್ ಬಿಟ್ಟ. ವ್ಯಾನು ಸ್ಪೇನಿನ ಸಾಂತಾಂದೇರ್ ಬಂದರಿನ ಗೇಟು ದಾಟಿ ದೊಡ್ಡ ರಸ್ತೆಗೆ ಸೇರಿಕೊಂಡಿತು. ಹಡಗಿನ ಹೊಟ್ಟೆಯಿಂದ ಹೊರಬಿದ್ದಾಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಅವನು ಈಗ ಬಿಟ್ಟ. ಎಡಗಡೆ ಕೂತಿದ್ದ ಹೆಂಡತಿ ಏವ್ರಿಲ್ ನಾಯಿಯನ್ನೂ ಕಂಡಿದ್ದಳು. ನಾಯಿಯನ್ನು ಕಂಡವಳ ತಲೆ ಸರಿಯಾಗಿಯೇ ಇದೆ ಎಂದುಕೊಂಡ.

ಒಳಗೇ ಅಡುಗೆ ಮಾಡಿಕೊಂಡು ಮಲಗುವಂಥ ಅವರ ವ್ಯಾನು ಇಂಗ್ಲೆಂಡಿನದು, ಸ್ಟಿಯರಿಂಗು ಬಲಕ್ಕೆ. ಸ್ಪೇನಿನಲ್ಲಿ ಓಡಿಸಬೇಕಾದದ್ದೂ ರಸ್ತೆಯ ಬಲಕ್ಕೆ. ಚಾಲಕ ಚರಂಡಿಯ ಪಕ್ಕ ಕೂತಿರುತ್ತಾನೆ, ವಾಹನಗಳು ಎಡದ ಹಿಂದಿನಿಂದ ಬರುತ್ತವೆ. ಅತ್ತ ತಿರುಗಿದರೆ ಅವನಿಗೆ ಕಾಣುವುದು ತನ್ನದೇ ಬಟ್ಟೆ ಕಪಾಟು, ಪಾತ್ರೆ ತೊಳೆಯುವ ತೊಟ್ಟಿ, ಗೋಡೆಗೆ ನೇತುಹಾಕಿದ ಬಾಣಲೆ. ಓರೆಯಾಗಿ ಸೇರುವ ರಸ್ತೆಗಳಲ್ಲಿ ಕನ್ನಡಿಯೂ ಪೂರ್ತಿ ಹೇಳುವುದಿಲ್ಲ. ಎಡಗಡೆ ಕೂತವರು ಕತ್ತು ತಿರುಗಿಸಿ ನೋಡಿ ಹೇಳಬೇಕು. ಚಳಿ ತಪ್ಪಿಸಿಕೊಳ್ಳಲು ದಕ್ಷಿಣಕ್ಕೆ ಹೋಗುವ ಇಂಗ್ಲಿಷ್ ಗಂಡಹೆಂಡಿರೆಲ್ಲ ಹೀಗೇ ಓಡಿಸುತ್ತಾರೆ. ದಾರಿಯಲ್ಲಿ ಜಗಳವಾಡಿ ಮಾತು ಬಿಟ್ಟ ಜೋಡಿಗಳೂ ರಸ್ತೆ ಕೂಡುವ ಜಾಗದಲ್ಲಿ ಎರಡು ಮಾತು ಮಾತ್ರ ಬಿಡುವುದಿಲ್ಲ: ‘ಖಾಲಿ’, ಇಲ್ಲವೇ ‘ನಿಲ್ಲು’.

ಏವ್ರಿಲ್‌ಗೆ ಅದಷ್ಟೇ ಸಾಲುತ್ತಿರಲಿಲ್ಲ. ಬರುತ್ತಿರುವ ಒಂದೊಂದು ಗಾಡಿಯನ್ನೂ ಬಣ್ಣದ ಸಮೇತ ಹೇಳುತ್ತಿದ್ದಳು. ಅವಳು ಗ್ರಿಮ್ಸ್‌ಬಿಯ ಒಂದು ಶಾಲೆಯ ಅಡುಗೆಮನೆಯನ್ನು ನಿವೃತ್ತಿಯವರೆಗೆ ನಡೆಸಿದವಳು. ಸಾಲಿನಲ್ಲಿ ಯಾವ ಮಗು ಎರಡನೇ ಸಲ ತಟ್ಟೆ ಹಿಡಿದು ಬಂದಿದೆ ಎಂದು ತಲೆ ಎತ್ತದೆ ಹೇಳುತ್ತಿದ್ದವಳು. ನೆವಿಲ್ ಅದೇ ಊರಿನ ಮೀನಿನ ಲಾರಿ ಓಡಿಸಿದವನು. ಹೆಂಡತಿ ಜೊತೆಗಿದ್ದರೆ ಕಣ್ಣು ಮುಚ್ಚಿಕೊಂಡು ಓಡಿಸಬಲ್ಲೆ ಎಂದು ಅವನು, ಪ್ರತಿ ಚಳಿಗಾಲ ವ್ಯಾನು ನಿಲ್ಲಿಸಿಕೊಂಡು ಕಳೆಯುವ ಸ್ಪೇನಿನ ಶಿಬಿರದಲ್ಲಿ, ಗೆಳೆಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಈ ಸಲ ಹೊರಡುವ ದಿನ ಮಗಳು ಜನೀನ್ ವ್ಯಾನಿನ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಅಪ್ಪ, ಅಮ್ಮ ನಿನ್ನೆ ನನ್ನ ‘ನೀವು ಯಾರ ಕಡೆಯವ್ರು’ ಅಂತ ಕೇಳಿದ್ಲು.”

“ತಮಾಷೆ ಮಾಡಿರ್ತಾಳೆ.”

“ತಮಾಷೆ ಅಲ್ಲ. ಟೀ ಕೊಟ್ಲು, ಬಿಸ್ಕತ್ ಕೊಟ್ಲು, ಮರ್ಯಾದೆಯಾಗಿ ಕೂರಿಸಿ ಆಮೇಲೆ ಕೇಳಿದ್ಲು.”

“ಇಲ್ಲಿ ಮಧ್ಯಾಹ್ನ ಮುಗಿಯೋದ್ರೊಳಗೆ ಕತ್ತಲೆ ಕಣೇ. ಯಾರ ತಲೆ ಕೆಡಲ್ಲ ಹೇಳು. ಬಿಸಿಲಿಗೆ ಹೋದ್ರೆ ಸರಿಹೋಗ್ತಾಳೆ. ಹೋದ ವರ್ಷ ಹೋಗ್ಲಿಲ್ವಾ?”

“ಹೋದ ವರ್ಷ ಇಷ್ಟಿರ್ಲಿಲ್ಲ. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಅನ್ಸಿದ್ರೆ ಅಲ್ಲೇ ಗಾಡಿ ನಿಲ್ಲಿಸಿ ನಂಗೆ ಫೋನ್ ಮಾಡು. ಬಂದು ಕರ್ಕೊಂಡು ಹೋಗ್ತೀನಿ. ಆ ವೃದ್ಧರ ಆರೈಕೆ ಮನೆಯವ್ರು ಅಮ್ಮಂಗೆ ಜಾಗ ಇಟ್ಕೊಂಡಿರ್ತಾರೆ.”

“ಅಲ್ಲಿ ಎಂಥಾ ವಾಸನೆ ಅಂತ ಗೊತ್ತಾ ನಿಂಗೆ?”

“ಅಪ್ಪ, ಮಾತು ಕೊಡು.”

“ಆಯ್ತು. ಮಾಡ್ತೀನಿ ಫೋನು.”

ಆರೈಕೆ ಮನೆಯನ್ನು ನೆವಿಲ್ ನೋಡಿ ಬಂದಿದ್ದ. ಟಿ.ವಿ.ಯ ಮುಂದೆ ಅರ್ಧವೃತ್ತವಾಗಿ ಕುರ್ಚಿಗಳಿದ್ದವು, ಅದರಲ್ಲಿ ಕೂತವರ ಎದೆಗೆ ಎಳೆಮಕ್ಕಳಿಗೆ ಕಟ್ಟುವಂಥ ಬಟ್ಟೆ ಕಟ್ಟಿದ್ದರು. ಒಬ್ಬಳು ಮುದುಕಿ ಅವನ ತೋಳು ಹಿಡಿದು ಬಸ್ಸು ಯಾವಾಗ ಬರುತ್ತದೆ ಎಂದು ಕೇಳಿದ್ದಳು. ಅಲ್ಲಿಗೆ ಏವ್ರಿಲ್ ಹೋಗಬಾರದು. ಎಡಗಡೆಯ ಸೀಟಿನಲ್ಲಿ ಅವಳು ಕೂತು ತನ್ನ ಕೆಲಸ ಮಾಡುವವರೆಗೂ ಹೋಗಬೇಕಾಗಿಲ್ಲ. ಆ ಸೀಟು ಬಿಟ್ಟರೆ ಮುಂದಿನದು ಆ ಕುರ್ಚಿಯೇ. ಅವನ ಲೆಕ್ಕ ಇಷ್ಟೇ ಇತ್ತು.

ಹಡಗಿನಿಂದ ಅವರ ಹಿಂದೆಯೇ ಇಳಿದವನು ಡೂಗಿ. ಸ್ಕಾಟ್ಲೆಂಡಿನ ಡಂಡೀಯವನು, ಹೆಂಡತಿ ಸತ್ತ ಮೇಲೆ ನಾಯಿಯೊಂದನ್ನು ಕಟ್ಟಿಕೊಂಡು ಪ್ರತಿ ವರ್ಷ ಇದೇ ಹಡಗಿಗೆ ಬರುತ್ತಿದ್ದ. ಅವನದು ಜರ್ಮನಿಯಲ್ಲಿ ಕೊಂಡ ವ್ಯಾನು, ಸ್ಟಿಯರಿಂಗು ಎಡಕ್ಕೆ. ಅವನಿಗೆ ಯಾರ ಕಣ್ಣೂ ಬೇಕಾಗಿರಲಿಲ್ಲ.

ಸಂಜೆ ನೆವಿಲ್, ಡೂಗಿ ಇಬ್ಬರೂ ಎತ್ತರದ ಬಯಲಿನ ಒಂದು ಹಳ್ಳಿಯಂಚಿನಲ್ಲಿ ವ್ಯಾನು ನಿಲ್ಲಿಸಿದರು. ಕೊಯ್ದ ಗೋಧಿಹೊಲದ ಮೇಲೆ ಆಗಲೇ ಹಿಮದ ಪುಡಿ ಬಿದ್ದಿತ್ತು. ಏವ್ರಿಲ್ ಟೀಗೆ ನೀರಿಟ್ಟಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಕೆಟಲಿನೊಳಗೆ ನೀರಿರಲಿಲ್ಲ.

“ಬಿಡು, ನಾನು ಮಾಡ್ತೀನಿ,” ಎಂದ ನೆವಿಲ್.

“ನೀನು ಮಾಡೋ ಟೀ ಗ್ರೀಸಿನ ಥರ ಇರುತ್ತೆ,” ಎಂದಳು ಏವ್ರಿಲ್. ಆಮೇಲೆ ಬಾಗಿಲಲ್ಲಿ ನಿಂತು ಡೂಗಿಯ ನಾಯಿಯನ್ನು ಕರೆದಳು. “ಟಿಗ್! ಬಾರೋ ಟಿಗ್!”

ನಾಯಿ ಕದಲಲಿಲ್ಲ. ಟಿಗ್ ಎಂಬುದು ಅದಕ್ಕಿಂತ ಹಿಂದಿನ ನಾಯಿ. ಸತ್ತು ವರ್ಷಗಳಾಗಿದ್ದವು. ಡೂಗಿ ನಾಯಿಯ ಕುತ್ತಿಗೆಪಟ್ಟಿ ಹಿಡಿದು ಅವಳ ಹತ್ತಿರ ತಂದುಬಿಟ್ಟ. ಅವಳು ಅದರ ತಲೆ ಸವರುತ್ತಾ, “ಬಡಕಲಾಗಿದ್ದೀಯಲ್ಲೋ. ಈ ಸ್ಕಾಟ್ಲೆಂಡಿನವ್ನು ಊಟ ಹಾಕಲ್ವಾ?” ಎಂದಳು.

“ಅದಕ್ಕೇ ನಿಮ್ಮ ಹತ್ರ ಕರ್ಕೊಂಡು ಬಂದಿದ್ದು, ಅಮ್ಮಣ್ಣಿ,” ಎಂದ ಡೂಗಿ. “ಈ ಸಲದ ಕ್ರಿಸ್ಮಸ್ ಊಟಕ್ಕೆ ಇವನ ತಟ್ಟೆಯೂ ಇಡಿ.”

ಕ್ರಿಸ್ಮಸ್ ಊಟ ಎಂದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. ಸಮುದ್ರದ ಪಕ್ಕದ ಶಿಬಿರದಲ್ಲಿ ಅಂದು ಎಲ್ಲರಿಗೂ ಅಡುಗೆ ಮಾಡುವವಳು ಅವಳೇ. ಆಲೂಗಡ್ಡೆ ಎಷ್ಟು, ಕೋಸು ಎಷ್ಟು, ಯಾರ ವ್ಯಾನಿನ ಒಲೆಯಲ್ಲಿ ಏನನ್ನು ಬೇಯಲಿಡಬೇಕು ಎಂದು ಒಂದೂ ತಪ್ಪದೆ ಹೇಳಿದಳು. ನೆವಿಲ್ ಡೂಗಿಯ ಕಡೆ ನೋಡಿದ, ನೋಡಿದೆಯಾ ಎನ್ನುವ ಹಾಗೆ. ಡೂಗಿ ಸುಟ್ಟ ಕೆಟಲಿನ ತಳ ಕೆರೆಯುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆ ಡೀಸೆಲ್ ಹಾಕಿಸಿಕೊಂಡು ಹೊರಟರು. ಹೆದ್ದಾರಿಗೆ ಸೇರುವ ದಾರಿ ಅಲ್ಲಿ ಗಿಡ್ಡ, ಓರೆ. ನೆವಿಲ್ ತುದಿಯಲ್ಲಿ ನಿಲ್ಲಿಸಿದ.

“ಹೇಗಿದೆ?”

“ಖಾಲಿ.”

ಕಾರು, ಲಾರಿ, ಬಣ್ಣ, ಏನೂ ಇಲ್ಲ. ಬರೀ ಖಾಲಿ. ಅದು ಅವನಿಗೆ ಹೊಳೆಯುವಷ್ಟರಲ್ಲಿ ಕಾಲು ಆಗಲೇ ಒತ್ತಿಬಿಟ್ಟಿತ್ತು. ಹಾರನ್ ಕೇಳಿಸಿತು, ಆಮೇಲೆ ಇಡೀ ವ್ಯಾನು ಪಕ್ಕಕ್ಕೆ ಅಲುಗಿತು. ಹಂದಿ ತುಂಬಿದ ಲಾರಿಯೊಂದು ಎಡಗಡೆಯ ಕನ್ನಡಿಗೆ ಕೂದಲೆಳೆಯ ದೂರದಲ್ಲಿ ಕಿರುಚಿಕೊಂಡು ದಾಟಿಹೋಯಿತು. ಕಪಾಟಿನ ಬಾಗಿಲು ತೆರೆದು ಬೀನ್ಸ್ ಡಬ್ಬಿಗಳು ನೆಲದ ಮೇಲೆ ಉರುಳಿದವು.

“ಏನಂತೆ ಅವ್ನಿಗೆ?” ಎಂದಳು ಏವ್ರಿಲ್.

“ಎಲ್ಲಿ ನೋಡ್ತಿದ್ದೆ ನೀನು?”

“ನಿನ್ನೇ.”

ತರಗತಿಯಲ್ಲಿ ಸರಿಯಾದ ಉತ್ತರ ಹೇಳಿದವರ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ. ಅವನು ಏನು ಕೇಳಲು ಬಯಸುತ್ತಾನೋ ಅದನ್ನು ಅವನ ಮುಖ ನೋಡಿಯೇ ಹೇಳಿದ್ದಳು. ನೆವಿಲ್‌ಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಆಮೇಲೆ ಅವನು ಗೊತ್ತಿರಲಿಲ್ಲ ಎಂದು ಬೇರೆಯವರಿಗೆ ಹೇಳಬಹುದಾಗಿತ್ತು, ಹೇಳಿದ ಕೂಡ. ಆದರೆ ಗೊತ್ತಿತ್ತು.

ಮುಂದಿನ ತಂಗುದಾಣದಲ್ಲಿ ಡೂಗಿ ತನ್ನ ವ್ಯಾನಿನಿಂದ ಇಳಿದು ನೇರ ಅವನ ಕಿಟಕಿಗೆ ಬಂದ.

“ಏನಯ್ಯಾ ಮೀನಿನ ಲಾರಿ, ಸಾಯೋಕೆ ಇಷ್ಟು ದೂರ ಬರ್ಬೇಕಿತ್ತಾ? ಗ್ರಿಮ್ಸ್‌ಬೀಲಿ ಬಸ್ಸು ಸಿಗ್ತಿರ್ಲಿಲ್ವಾ?”

“ಆ ಹಂದಿ ಲಾರಿಯವ್ನು ಹುಚ್ಚನ ಥರ ಬಂದ.”

“ಅವನು ನೆಟ್ಟಗೆ ಬರ್ತಿದ್ದ. ನಾನು ಬಂಕಿನ ಅಂಚಲ್ಲೇ ಚಕ್ರಕ್ಕೆ ಗಾಳಿ ಹಾಕಿಸ್ತಾ ನಿಂತಿದ್ದೆ. ಅವಳ ತಲೆ ಆ ಕಡೆ ತಿರುಗ್ಲೇ ಇಲ್ಲ, ನೆವಿಲ್.”

ಏವ್ರಿಲ್ ನಾಯಿಯ ಜೊತೆ ಹುಲ್ಲಿನ ಮೇಲೆ ನಡೆದಾಡುತ್ತಿದ್ದಳು. ಡೂಗಿ ಕಂಕುಳಲ್ಲಿದ್ದ ರಟ್ಟಿನ ಪೆಟ್ಟಿಗೆಯನ್ನು ಮುಂದೆ ಹಿಡಿದ.

“ಕ್ಯಾಮೆರಾ. ಎಡಗನ್ನಡಿಯ ಕೆಳಗೆ ಕೂರಿಸಿದ್ರೆ ಹಿಂದಿನ ರಸ್ತೆ ಪೂರಾ ನಿನ್ನ ಮುಂದಿನ ಪರದೇಲಿ ಕಾಣುತ್ತೆ. ಶಿಬಿರದಲ್ಲಿ ಒಬ್ಬನಿಗೆ ಅಂತ ತಂದಿದ್ದೆ, ಅವನು ಕಾಯ್ಲಿ. ಇಲ್ಲೇ ಹಾಕೋಣ. ಟೀ ಆರೋದ್ರೊಳಗೆ ಮುಗಿಯುತ್ತೆ.”

ನೆವಿಲ್ ಪೆಟ್ಟಿಗೆ ಕೈಗೆ ತೆಗೆದುಕೊಂಡ. ಮೇಲೆ ಒಂದು ವ್ಯಾನಿನ ಚಿತ್ರ, ಅದರ ಎಡಬದಿಯಿಂದ ಹೊರಟ ನೀಲಿ ಬೀಸಣಿಗೆಯಂಥ ಗೆರೆಗಳು. ಅಷ್ಟರಲ್ಲಿ ಏವ್ರಿಲ್ ಬಂದಳು.

“ಏನದು?”

“ಕ್ಯಾಮೆರಾ,” ಎಂದ ಡೂಗಿ.

ಅವಳು ಚಿತ್ರವನ್ನು ತುಂಬ ಹೊತ್ತು ನೋಡಿದಳು. ಬೆರಳಿನಿಂದ ನೀಲಿ ಗೆರೆಯನ್ನು ಹಿಂಬಾಲಿಸಿದಳು. ಅವಳ ತಲೆ ಯಾವಾಗ ಸರಿಯಿರುತ್ತದೆ, ಯಾವಾಗ ಇರುವುದಿಲ್ಲ ಎಂದು ಹೇಳುವಂತಿರಲಿಲ್ಲ. ಆಗ ಸರಿಯಿತ್ತು.

“ಓ,” ಎಂದಳು. “ಹಾಗಾದ್ರೆ ನಾನು ಹಿಂದೆ ಮಂಚದ ಮೇಲೆ ಕೂತ್ಕೋಬೇಕಾ? ಮೂಟೆ ಥರ?”

ನಕ್ಕಳು. ಡೂಗಿಯೂ ನಕ್ಕ. ನೆವಿಲ್ ಪೆಟ್ಟಿಗೆಯನ್ನು ಒಳಗೆ ಒಯ್ದು ಮಂಚದ ಕೆಳಗೆ, ಮಡಚುವ ಕುರ್ಚಿಗಳ ಹಿಂದಕ್ಕೆ ತಳ್ಳಿದ.

“ನಂಗ್ಯಾಕೆ ಅದು? ನನ್ನ ಹತ್ರ ಏವ್ರಿಲ್ ಇಲ್ವಾ,” ಎಂದ, ಅವಳಿಗೆ ಕೇಳುವಂತೆ. ಅವಳು ಸೀಟಿಗೆ ಹೋಗಿ ಕೂತ ಮೇಲೆ ದನಿ ತಗ್ಗಿಸಿ ಡೂಗಿಗೆ ಹೇಳಿದ, “ಅಲ್ಲಿ ಹೋದ್ಮೇಲೆ ಹಾಕ್ತೀನಿ.”

“ಅಲ್ಲಿ ಹೋದ್ಮೇಲೆ ಯಾಕೆ? ನಿಂತಿರೋ ವ್ಯಾನಿಗೆ?”

“ಇವತ್ತು ನಾಳೆ ಹೇಗೋ ನೋಡ್ಕೋತೀನಿ, ಮಾರಾಯ.”

ಆ ಮಧ್ಯಾಹ್ನವೆಲ್ಲ ಅವನು ಹೇಗೋ ನೋಡಿಕೊಂಡ. ಹೆದ್ದಾರಿ ಬಿಟ್ಟು ಇಳಿಯಲಿಲ್ಲ. ಇಳಿಯಲೇಬೇಕಾದಲ್ಲಿ, ರಸ್ತೆ ಕೂಡುವ ಜಾಗದಲ್ಲಿ ವ್ಯಾನು ನಿಲ್ಲಿಸಿ, ಕೆಳಗಿಳಿದು, ಹಿಂದಕ್ಕೆ ಹೋಗಿ ನೋಡಿ, ಓಡಿ ಬಂದು ಹತ್ತಿದ. ಹಿಂದಿದ್ದವರು ಹಾರನ್ ಹೊಡೆದರು, ಕೈ ಎತ್ತಿ ಬೈದರು. ಒಂದು ಸಲವೂ ಅವನು ‘ಹೇಗಿದೆ’ ಎಂದು ಕೇಳಲಿಲ್ಲ. ಏವ್ರಿಲ್ ಮೊದಮೊದಲು ತಿರುಗಿ ಕೂತು ಕಾಯುತ್ತಿದ್ದಳು. ಆಮೇಲೆ ತಿರುಗುವುದನ್ನು ಬಿಟ್ಟಳು. ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಗಾಜನ್ನೇ ನೋಡುತ್ತ ಕೂತಳು.

ಸಂಜೆ ಬೀನ್ಸ್, ಸಾಸೇಜು ಬಿಸಿ ಮಾಡಿದ. ಅವಳು ತಟ್ಟೆ ಮುಟ್ಟಲಿಲ್ಲ.

“ನಾನೇನಾದ್ರೂ ತಪ್ಪು ಮಾಡಿದ್ನಾ?”

“ಇಲ್ಲ ಕಣೇ.”

“ನೀನು ನನ್ನ ಕೇಳ್ತಾನೇ ಇಲ್ಲ.”

“ರಸ್ತೆ ಖಾಲಿ ಇತ್ತು. ಅದಕ್ಕೇ.”

“ಖಾಲಿ ಅಂತ ಹೇಳೋದು ನಾನಲ್ವಾ?”

ಅವನು ಸಾಸೇಜು ಕತ್ತರಿಸಿ ಅವಳ ತಟ್ಟೆಗೆ ಹಾಕಿದ. ಅವಳು ತಟ್ಟೆಯನ್ನು ಹೊರಗೆ ಒಯ್ದು ಟಿಗ್‌ಗೆಂದು ಮೆಟ್ಟಿಲ ಮೇಲಿಟ್ಟು ಬಂದಳು. ಅಷ್ಟರಲ್ಲಿ ಫೋನು ಬಂತು.

“ಎಲ್ಲಾ ಸರಿನಾ ಅಪ್ಪ?” ಎಂದಳು ಜನೀನ್.

“ಸರಿ.”

“ಅಮ್ಮ ಹೇಗಿದಾಳೆ? ನಿಜ ಹೇಳು.”

“ಕ್ರಿಸ್ಮಸ್ಸಿಗೆ ಎಷ್ಟು ಕೋಸು ಬೇಕು ಅಂತ ಲೆಕ್ಕ ಒಪ್ಪಿಸಿದ್ಲು. ಬಿಸಿಲು ಬರ್ತಿದ್ದ ಹಾಗೇ ಹುಷಾರಾದ್ಲು. ನೀನು ಮಲಗು ಹೋಗು.”

ಏವ್ರಿಲ್ ಯಾರೆಂದು ಕೇಳಿದಳು. ಜನೀನ್ ಎಂದ. “ಒಳ್ಳೆ ಹುಡುಗಿ,” ಎಂದಳು, ನೆರೆಮನೆಯವರ ಬಗ್ಗೆ ಹೇಳುವ ಹಾಗೆ.

ಮೂರನೆಯ ದಿನ ಬೆಟ್ಟ ಇಳಿದರು. ಚಳಿ ಬೆಟ್ಟದ ಆಚೆ ಉಳಿಯಿತು. ಏವ್ರಿಲ್ ಕೋಟು ತೆಗೆದಳು, ಆಮೇಲೆ ಸ್ವೆಟರು ತೆಗೆದಳು, ಕಿಟಕಿ ಇಳಿಸಿ ಮೊಣಕೈ ಹೊರಗಿಟ್ಟಳು. ತರಕಾರಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು ಶುರುವಾದವು. ರಸ್ತೆಯ ಎರಡೂ ಕಡೆ ಬೂದುಬಿಳಿ ಪ್ಲಾಸ್ಟಿಕ್ಕು, ಅದರ ಬುಡದಲ್ಲಿ ಕೊಳೆತ ಟೊಮ್ಯಾಟೊ, ಹರಿದ ಹಾಳೆಗಳು. ಪ್ರತಿ ವರ್ಷ ಇಲ್ಲಿಗೆ ಬಂದಾಗ ಇದರ ಕೊಳಕನ್ನು ಬೈಯುವುದು ಶಿಬಿರದವರ ವಾಡಿಕೆ. ಇದನ್ನು ದಾಟಿದರೆ ಸಮುದ್ರ.

ಪಕ್ಕಪಕ್ಕದ ಜಾಗ ಹಿಡಿಯಲು ಡೂಗಿ ಮುಂದೆ ಹೋಗಿದ್ದ. ಹೋಗುವ ಮುಂಚೆ, “ಇಳಿದು ನೋಡು. ನಾಚಿಕೆ ಪಡ್ಬೇಡ. ಪ್ರತಿ ಸಲ ಇಳಿದು ನೋಡು,” ಎಂದಿದ್ದ.

ಕೊನೆಯ ಕೂಡುರಸ್ತೆ. ಹಳ್ಳಿಯ ರಸ್ತೆ ಓರೆಯಾಗಿ ಬಂದು ಕರಾವಳಿ ರಸ್ತೆಗೆ ಸೇರುವ ಜಾಗ. ಶಿಬಿರದ ಬಾವುಟಗಳು ಮುಂದೆ ಕಾಣುತ್ತಿದ್ದವು. ನೆವಿಲ್ ವ್ಯಾನು ನಿಲ್ಲಿಸಿ ತನ್ನ ಬಾಗಿಲಿನ ಹಿಡಿಗೆ ಕೈ ಹಾಕಿದ.

ಏವ್ರಿಲ್ ಆ ಕೈಯನ್ನು ನೋಡಿದಳು. ಕೈಚೀಲವನ್ನು ನೆಲದಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಆರೈಕೆ ಮನೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಮುದುಕಿಯೂ ಹೀಗೇ ಚೀಲ ಹಿಡಿದುಕೊಂಡಿದ್ದಳು.

ನೆವಿಲ್ ಬಾಗಿಲಿನಿಂದ ಕೈ ತೆಗೆದ.

“ಏವ್ರಿಲ್, ಹೇಗಿದೆ?”

ಅವಳು ಪೂರ್ತಿ ಮೈ ತಿರುಗಿಸಿದಳು. ಅವನಿಗೆ ಅವಳ ತಲೆಯ ಹಿಂಭಾಗ, ಬಿಳಿಕೂದಲಿಗೆ ಸಿಕ್ಕಿಸಿದ ಕ್ಲಿಪ್ಪು ಕಂಡಿತು. ಈ ಸಲ ನನ್ನ ಮುಖ ನೋಡುತ್ತಿಲ್ಲ, ಹೊರಗೆ ನೋಡುತ್ತಿದ್ದಾಳೆ ಎಂದುಕೊಂಡ. ಹೊರಗೆ ರಸ್ತೆ ಇತ್ತು. ರಸ್ತೆಯಾಚೆ, ಮಧ್ಯಾಹ್ನದ ಬಿಸಿಲಿನಲ್ಲಿ, ಸಮುದ್ರವಿತ್ತು. ಅವಳು ತುಂಬ ಹೊತ್ತು ನೋಡಿದಳು.

“ಖಾಲಿ,” ಎಂದಳು ಸಂತೋಷದಿಂದ. “ಹೋಗು.”

ಬಣ್ಣ ಹೇಳಲಿಲ್ಲ. ಅದನ್ನೂ ಅವನು ಗಮನಿಸಿದ. ಗಮನಿಸಿಯೇ ಹೋದ.

ಫುಟ್‌ಪಾತಿನ ಅಂಚು ಹತ್ತಿ ಇಳಿದ ಹಾಗಾಯಿತು, ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನದು. ಹಾರನ್ ಕೇಳಿಸಲಿಲ್ಲ, ಏಕೆಂದರೆ ಸೈಕಲ್ಲಿಗೆ ಹಾರನ್ ಇರುವುದಿಲ್ಲ.

ಸತ್ತವನ ಹೆಸರು ಬಕಾರಿ ಸಿಸ್ಸೊಕೊ. ಮಾಲಿಯವನು, ಪ್ಲಾಸ್ಟಿಕ್ ಮನೆಗಳಲ್ಲಿ ಮೆಣಸಿನಕಾಯಿ ಕೀಳುವವನು. ಬೆಳಗಿನ ಪಾಳಿ ಮುಗಿಸಿ ಹಿಂದಿರುಗುತ್ತಿದ್ದ. ಸೈಕಲ್ಲಿನ ಹಿಡಿಗೆ ನೇತುಹಾಕಿದ ಚೀಲದಿಂದ ಎರಡು ಬ್ರೆಡ್ಡು ಹೊರಬಿದ್ದಿದ್ದವು. ದೂರಕ್ಕೂ ಕಣ್ಣಿಗೆ ಹೊಡೆಯುವ ಹಳದಿ ಅಂಗಿ ತೊಟ್ಟಿದ್ದ. ಅವನು ತಕ್ಷಣ ಸಾಯಲಿಲ್ಲ. ಆಂಬುಲೆನ್ಸ್ ಬರುವವರೆಗೆ ಅವನದೇ ಭಾಷೆಯಲ್ಲಿ ಒಂದೇ ಮಾತನ್ನು ಮತ್ತೆಮತ್ತೆ ಹೇಳುತ್ತಿದ್ದ, ಅಲ್ಲಿದ್ದ ಯಾರಿಗೂ ಅದು ಅರ್ಥವಾಗಲಿಲ್ಲ. ನೆವಿಲ್ ಹತ್ತಿರ ಹೋಗಿ ಮೊಣಕಾಲೂರಿ ಕೂತ. ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಬ್ರೆಡ್ಡುಗಳನ್ನು ಎತ್ತಿ ಚೀಲಕ್ಕೆ ಹಾಕಿದ.

ಪೊಲೀಸರಲ್ಲಿ ಒಬ್ಬಳಿಗೆ ಇಂಗ್ಲಿಷ್ ಬರುತ್ತಿತ್ತು. ಕುಡಿದಿದ್ದಾನೆಯೇ ಎಂದು ನೆವಿಲ್‌ನ ಉಸಿರು ಪರೀಕ್ಷಿಸಿದಳು. ಏನೂ ಇರಲಿಲ್ಲ.

“ನೀವು ಅವನನ್ನು ನೋಡಲಿಲ್ವಾ?”

“ನನ್ನ ಸೀಟಿನಿಂದ ಕಾಣಲ್ಲ. ಬೇಕಾದ್ರೆ ಕೂತು ನೋಡಿ.” ವ್ಯಾನಿನ ಕಡೆ ಕೈ ತೋರಿಸಿದ. “ಖಾಲಿ ಅಂದ್ಲು. ನನ್ನ ಹೆಂಡತಿ ಖಾಲಿ ಅಂದ್ಲು.”

“ಓಡಿಸ್ತಿದ್ದವರು ಯಾರು?”

“ನಾನು.”

“ಹಾಗಾದ್ರೆ ನೋಡ್ಬೇಕಾದವರು ನೀವು. ನಿಮ್ಮ ಹೆಂಡತಿ ಅಲ್ಲ.”

ಹೆಂಡತಿ ಖಾಲಿ ಅಂದಳು ಎಂಬ ಮಾತಿನಿಂದ ಅವನಿಗೆ ಏನೂ ಲಾಭವಿರಲಿಲ್ಲ. ಕಾನೂನಿನ ಲೆಕ್ಕಕ್ಕೆ ಅದು ಬರುವುದಿಲ್ಲ ಎಂಬುದು ಜೀವಮಾನವೆಲ್ಲ ಲಾರಿ ಓಡಿಸಿದವನಿಗೆ ಗೊತ್ತಿತ್ತು. ಆದರೂ ಹೇಳಿದ್ದ, ಅವಳ ಎದುರಿಗೇ. ಪೊಲೀಸಿನವಳು ಏವ್ರಿಲ್ ಕಡೆ ತಿರುಗಿದಳು.

“ನೀವು ನೋಡಿದ್ರಾ, ಅಮ್ಮ?”

“ನೋಡಿದೆ,” ಎಂದಳು ಏವ್ರಿಲ್. ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. “ನಾನೇ ಖಾಲಿ ಅಂದೆ. ಅದು ನನ್ನ ಕೆಲಸ.”

ಪೊಲೀಸಿನವಳು ಬರೆದುಕೊಂಡಳು. ಅವಳಿಗೆ ಹುಷಾರಿಲ್ಲ, ಅವಳ ಮಾತು ನಂಬುವಂತಿಲ್ಲ ಎಂದು ನನಗೆ ಗೊತ್ತಿತ್ತು ಎಂದು ನೆವಿಲ್ ಹೇಳಬಹುದಾಗಿದ್ದ ಗಳಿಗೆ ಅದು. ಹೇಳಲಿಲ್ಲ.

ವ್ಯಾನನ್ನು ಪೊಲೀಸರು ಎಳೆದುಕೊಂಡು ಹೋದರು. ಬಟ್ಟೆ, ಔಷಧಿ ತೆಗೆದುಕೊಳ್ಳಲು ಬಿಟ್ಟಾಗ ನೆವಿಲ್ ಮಂಚದ ಕೆಳಗಿನಿಂದ ರಟ್ಟಿನ ಪೆಟ್ಟಿಗೆಯನ್ನೂ ತೆಗೆದು ಬಟ್ಟೆಯೊಳಗೆ ಸುತ್ತಿದ. ಶಿಬಿರದ ಮಾಲೀಕ ಅವರಿಗೆ ಮರದ ಕೋಣೆಯೊಂದನ್ನು ಕೊಟ್ಟ. ಶಿಬಿರದ ಹಳೆಯ ಗೆಳೆಯರು ಸೂಪು, ವೈನು, ಹೊದಿಕೆ ತಂದರು.

“ನಿನ್ನ ತಪ್ಪಲ್ಲ ಬಿಡಪ್ಪ,” ಎಂದ ಲೀಡ್ಸ್‌ನ ಒಬ್ಬ. “ಈ ಜನ ಎಲ್ಲಿಂದ ನುಗ್ಗುತಾರೆ ಅಂತಾನೇ ಗೊತ್ತಾಗಲ್ಲ.”

“ಲೈಟಿಲ್ಲ, ಬೆಲ್ಲಿಲ್ಲ, ಒಂದು ನಿಯಮ ಇಲ್ಲ,” ಎಂದಳು ಅವನ ಹೆಂಡತಿ. “ಬದುಕೋಕೆ ಬಂದಿದಾರೋ ಸಾಯೋಕೆ ಬಂದಿದಾರೋ.”

“ಮಧ್ಯಾಹ್ನ ಆಗಿತ್ತು,” ಎಂದ ಡೂಗಿ ಮೂಲೆಯಿಂದ. “ಅವನು ಹಳದಿ ಅಂಗಿ ಹಾಕಿದ್ದ.”

ಲೀಡ್ಸ್‌ನವನು ತನ್ನ ಲೋಟಕ್ಕೆ ವೈನು ಬಗ್ಗಿಸಿಕೊಂಡ. ಆಮೇಲೆ ಯಾರೋ ವಕೀಲರ ವಿಷಯ ತೆಗೆದರು.

ಎಲ್ಲರೂ ಹೋದ ಮೇಲೆ ಡೂಗಿ ಉಳಿದ. ನೆವಿಲ್ ಬಟ್ಟೆಯ ಗಂಟಿನಿಂದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ಅದರ ಅಂಟುಪಟ್ಟಿ ಹಾಗೇ ಇತ್ತು.

“ಇದನ್ನ ತಗೊಂಡು ಹೋಗು.”

“ನೀನು ಒಡೆದೂ ನೋಡ್ಲಿಲ್ಲ.”

“ತಗೊಂಡು ಹೋಗು ಡೂಗಿ. ಯಾರಿಗೂ ಹೇಳ್ಬೇಡ.”

“ಕೇಳಿದ್ರೆ ಸುಳ್ಳು ಹೇಳಲ್ಲ,” ಎಂದ ಡೂಗಿ. ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. “ಆದ್ರೆ ನನ್ನ ಯಾರು ಕೇಳ್ತಾರೆ.”

ಯಾರೂ ಕೇಳಲಿಲ್ಲ. ಡೂಗಿ ಮರುದಿನ ವ್ಯಾನನ್ನು ಶಿಬಿರದ ಇನ್ನೊಂದು ತುದಿಗೆ ಒಯ್ದು ನಿಲ್ಲಿಸಿಕೊಂಡ.

ವಕೀಲ ಚಿಕ್ಕ ವಯಸ್ಸಿನವನು, ಅವಸರದವನು. ದುಭಾಷಿಯ ಮೂಲಕ ಕೇಳಿದ: “ನಿಮ್ಮ ಹೆಂಡತಿಗೆ ಮರೆವಿನ ಕಾಯಿಲೆ ಇದೆ ಅಂತ ಕಾಣುತ್ತೆ. ಅವರ ಮಾತು ನಂಬೋ ಹಾಗಿಲ್ಲ ಅಂತ ನಿಮಗೆ ಮುಂಚೆ ಗೊತ್ತಿತ್ತಾ?”

“ಇಲ್ಲ. ರಸ್ತೆ ವಿಷಯದಲ್ಲಿ ಅವಳು ಯಾವತ್ತೂ ತಪ್ಪಿದವಳಲ್ಲ.”

“ಒಳ್ಳೇದು. ಗೊತ್ತಿದ್ದೂ ಓಡಿಸಿದ್ರಿ ಅಂತಾದ್ರೆ ಮಾತೇ ಬೇರೆ. ಈ ಉತ್ತರ ಬದಲಾಯಿಸಬೇಡಿ. ಯಾರ ಹತ್ರವೂ. ಮನೆಯವರ ಹತ್ರವೂ.”

ಏವ್ರಿಲ್ ಮರೆಯುತ್ತಾಳೆ ಎಂದು ನೆವಿಲ್ ಕಾದ. ಅವನ ನಂಬಿಕೆಯೆಲ್ಲ ಅದರ ಮೇಲಿತ್ತು. ಕೆಟಲಿಗೆ ನೀರು ಹಾಕುವುದನ್ನು ಮರೆತವಳು, ಮಗಳ ಮುಖ ಮರೆತವಳು, ಇದನ್ನು ಯಾಕೆ ಮರೆಯಬಾರದು? ಮೊದಲ ಬೆಳಿಗ್ಗೆ ಎದ್ದು, “ಕ್ರಿಸ್ಮಸ್ಸಿಗೆ ಎಷ್ಟು ಜನ ಆಗ್ತಾರೆ?” ಎಂದು ಕೇಳಿದಳು. ಮರೆತಳು ಎಂದುಕೊಂಡ. ಹಲ್ಲುಜ್ಜುತ್ತಿದ್ದವಳು ಬ್ರಷ್ ಬಾಯಿಂದ ತೆಗೆದು ಕನ್ನಡಿಗೆ ಹೇಳಿದಳು, “ನಾನು ಖಾಲಿ ಅಂದೆ.”

“ಬಿಡು ಏವ್ರಿಲ್.”

“ಅವನು ಬರ್ತಿದ್ದ. ನಾನು ಖಾಲಿ ಅಂದೆ.”

ಅದೊಂದು ಅವಳಿಂದ ಹೋಗಲಿಲ್ಲ. ಮಿಕ್ಕಿದ್ದೆಲ್ಲ ಬೇಗಬೇಗ ಹೋಯಿತು. ಶಿಬಿರದವರ ಹೆಸರು ಹೋಯಿತು, ಆಲೂಗಡ್ಡೆಯ ಲೆಕ್ಕ ಹೋಯಿತು, ಬೂಟಿನ ದಾರ ಕಟ್ಟುವುದು ಹೋಯಿತು. ತಲೆ ಖಾಲಿಯಾದಷ್ಟೂ ಆ ಮಾತಿಗೆ ಜಾಗ ಹೆಚ್ಚಾದಂತೆ ಊಟದ ನಡುವೆ, ಸ್ನಾನದ ನಡುವೆ ಅದನ್ನೇ ಹೇಳುತ್ತಿದ್ದಳು. ನೀನಲ್ಲ, ನನಗೆ ಗೊತ್ತಿತ್ತು ಎಂದು ಒಂದು ಸಲ ಹೇಳಿದ್ದರೆ ಅವಳಿಗೆ ತಿಳಿಯುತ್ತಿತ್ತೋ ಇಲ್ಲವೋ. ಮರದ ಗೋಡೆ ತೆಳುವಾಗಿತ್ತು, ಪಕ್ಕದಲ್ಲಿ ಜನರಿದ್ದರು. ಮೇಲಾಗಿ ಅವಳು ಅದನ್ನು ಎಲ್ಲರ ಮುಂದೆ ಆಡಿಬಿಡಬಹುದಿತ್ತು. ಅವನು ಹೇಳಲಿಲ್ಲ.

ಜನೀನ್ ಬಂದಳು. ಅಪ್ಪನನ್ನು ತಬ್ಬಿಕೊಂಡಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ವಿಚಾರಣೆ ಮುಗಿಯುವವರೆಗೆ ನೆವಿಲ್ ದೇಶ ಬಿಡುವಂತಿರಲಿಲ್ಲ. ಏವ್ರಿಲ್ ಮಗಳ ಜೊತೆ ಹೊರಡಬೇಕು. ಆರೈಕೆ ಮನೆಯವರು ಜಾಗ ಇಟ್ಟಿದ್ದರು. ಗ್ರಿಮ್ಸ್‌ಬಿಯಲ್ಲಿ ಹಿಮ ಬೀಳುತ್ತಿದೆ ಎಂದಳು ಜನೀನ್, ಬೇರೆ ಮಾತು ಸಿಗದೆ.

ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಬಂತು. ಜನೀನ್ ಮುಂದೆ ಚಾಲಕನ ಪಕ್ಕ ಕೂತಳು. ಹಿಂದೆ ಏವ್ರಿಲ್ ಯಾರೂ ಹೇಳದೆ ಎಡಗಡೆಗೆ ಹೋಗಿ ಕೂತಳು. ಬೀಳ್ಕೊಡಲು ಹೊರಟ ನೆವಿಲ್ ಬಲಗಡೆ.

ಶಿಬಿರದ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ ಟ್ಯಾಕ್ಸಿ ನಿಧಾನಿಸಿತು. ಏವ್ರಿಲ್ ಪೂರ್ತಿ ಮೈ ತಿರುಗಿಸಿ ನೋಡಿದಳು.

“ನಿಲ್ಲು.”

ರಸ್ತೆಯಲ್ಲಿ ತಿರುವಿನವರೆಗೂ ಏನೂ ಇರಲಿಲ್ಲ. ಚಾಲಕ ಮುಂದೆ ಹೋದ.

“ನಿಲ್ಲು. ನಿಲ್ಲು ಅಂದೆ!”

ಚಾಲಕ ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ, ಜನೀನ್‌ಳನ್ನು ನೋಡಿ, ಓಡಿಸಿದ. ವೃತ್ತದ ಹತ್ತಿರ ಮತ್ತೆ ಅದೇ. ಪೆಟ್ರೋಲ್ ಬಂಕಿನ ಹತ್ತಿರ ಮತ್ತೆ ಅದೇ. ಜನೀನ್ ಹಿಂದಕ್ಕೆ ತಿರುಗಿದಳು.

“ಅಮ್ಮ ಯಾಕೆ ಹೀಗಂತಿದಾಳೆ? ನಿನ್ನೆಯೆಲ್ಲಾ ‘ನಾನು ಖಾಲಿ ಅಂದೆ, ನಾನು ಖಾಲಿ ಅಂದೆ’ ಅಂತ ಒಂದೇ ಸಮ. ಅಪ್ಪ, ನೀನು ಇವಳನ್ನ ಕೇಳ್ಕೊಂಡು ಓಡಿಸ್ತಿದ್ಯಾ?”

ಅವಳ ಕಣ್ಣು ಅವನ ಮುಖದ ಮೇಲಿತ್ತು. ಏವ್ರಿಲ್ ಕೂಡ ಕಿಟಕಿಯಿಂದ ಈ ಕಡೆ ತಿರುಗಿದ್ದಳು.

“ಇವಳನ್ನ ಕೇಳ್ಕೊಂಡು ಯಾರಾದ್ರೂ ಓಡಿಸ್ತಾರಾ?” ಎಂದ ನೆವಿಲ್. “ಏನೇನೋ ಅಂತಿರ್ತಾಳೆ, ಬಿಡು.”

ಜನೀನ್ ಉಸಿರು ಬಿಟ್ಟು ಮುಂದಕ್ಕೆ ತಿರುಗಿ ಕೂತಳು. ಏವ್ರಿಲ್ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಅವಳಿಗೆ ಏನು ಅರ್ಥವಾಯಿತೋ ಮುಖದಿಂದ ಹೇಳುವಂತಿರಲಿಲ್ಲ. ಕೈಚೀಲವನ್ನು ಸರಿಯಾಗಿ ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಕಿಟಕಿಗೆ ತಿರುಗಿದಳು.

ಹೆದ್ದಾರಿಗೆ ಸೇರುವ ಮುಂಚಿನ ಕೂಡುರಸ್ತೆ ಬಂತು. ಪ್ಲಾಸ್ಟಿಕ್ ಮನೆಗಳಿಂದ ಪಾಳಿ ಬಿಟ್ಟಿತ್ತು.

“ಕೆಂಪು ಕಾರು,” ಎಂದಳು ಏವ್ರಿಲ್. “ಟೊಮ್ಯಾಟೊ ಲಾರಿ. ಸೈಕಲ್ಲು. ಇನ್ನೊಂದು ಸೈಕಲ್ಲು, ಅವನು ನೀಲಿ ಟೋಪಿ. ನಿಲ್ಲು.”

ಕೆಂಪು ಕಾರು ಹೋಯಿತು. ಲಾರಿ ಹೋಯಿತು. ಸೈಕಲ್ಲುಗಳೆರಡೂ ಹೋದವು, ಎರಡನೆಯವನ ತಲೆಯ ಮೇಲೆ ನೀಲಿ ಟೋಪಿ ಇತ್ತು. ಚಾಲಕ ತಾನಾಗಿಯೇ ನೋಡಿ ಆಗಲೇ ನಿಲ್ಲಿಸಿದ್ದ. ನೆವಿಲ್ ತನ್ನ ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಆ ಕಡೆ ಚರಂಡಿಯೂ ಹರಿದ ಪ್ಲಾಸ್ಟಿಕ್ಕೂ ಇದ್ದವು.